ಎರಡು ಅಳತೆಯ ಹಸಿರು ಬಳೆ

"ಖಾಲಾ, ಒಂದು ಡಜನ್ ಆದಮ್ಮನ ಅಳತಿದು ಕೊಡ್ರಿ. ಇನ್ನೊಂದು ಡಜನ್ ಅದಕ್ಕಿಂತ ದೊಡ್ಡದು. ಆಕಿಗೆ ಮಾತ್ರ ಹೇಳಬ್ಯಾಡ್ರಿ!"

ಮಳೆಗೆಂದು ಬಳೆ ಅಂಗಡಿಯ ಪಕ್ಕದ ತಗಡಿನ ಕೆಳಗೆ ನಿಂತಿದ್ದ ಆದಮ್ಮ ತಟ್ಟನೆ ಕಿವಿಗೊಟ್ಟಳು.

ಆ ದನಿ ಕನಕರಾಯನದು! ಹೋದ ತಿಂಗಳು ಅವಳನ್ನು ನೋಡಿ, ಒಪ್ಪಿ, ನಿಶ್ಚಯದ ಸೀರೆ ಕೊಟ್ಟ ಗಂಡು. ಮಸ್ಕಿಯಲ್ಲೇ ಸೈಕಲ್ ಅಂಗಡಿ ಇಟ್ಟವನು.

ಮದುವೆ ಗೊತ್ತಾದ ಹುಡುಗಿಗೆ ಹಸಿರು ಬಳೆ ಕೊಡಿಸುವುದು ಇದ್ದದ್ದೇ. ಆದರೆ ಎರಡು ಅಳತೆ?

"ದೊಡ್ಡದು ಯಾರಿಗೆ ಬೇಟಾ?" ಬಳೆಗಾರ್ತಿ ಮೈಮುನಾಬಿ ನಕ್ಕಳು.

ಅವನು ಎರಡನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿಸಿಕೊಂಡು ಸಿಂಧನೂರು ಬಸ್ಸು ಹತ್ತಿಬಿಟ್ಟ.

'ಸಿಂಧನೂರಾಗ ಯಾರದಾರ ಇವಗ?'

ಅಂದಿನಿಂದ ಅವಳಿಗೆ ನಿದ್ದೆಯಿಲ್ಲ. ಅವನು ನೋಡಲು ಬಂದ ದಿನವೂ ಹೀಗೇ ತುಫಾನಿನ ಚಳಿಗಾಳಿ, ಜಿಟಿಜಿಟಿ ಮಳೆ. ಸಂತೆಕಲ್ಲೂರಿನ ಬಾಲವಾಡಿ ಕೆಲಸ ಮುಗಿಸಿ ಸೈಕಲ್ ತುಳಿದು ಬಂದವಳ ಬೆರಳು ಮರಗಟ್ಟಿದ್ದವು. ಚಹಾದ ಕಪ್ಪು ಜಾರಿ ಅವನ ತಾಯಿಯ ಸೀರೆ ಮೇಲೆ ಬಿತ್ತು.

ಅವತ್ತೇ ಅವನ ಮನಸ್ಸು ಮುರಿದಿರಬೇಕು... ಬಾಯಿಬಿಟ್ಟು ಹೇಳಲು ಈ ಮಹಾರಾಯನಿಗೆ ಧೈರ್ಯ ಬೇಡವೇ?

ಅವನನ್ನು ಇಷ್ಟಪಟ್ಟಿದ್ದಳು, ಪಾಪ. ಅದಕ್ಕೇ ಅಷ್ಟು ಸಿಟ್ಟು! ಎರಡು ದಿನ ತಡೆದುಕೊಂಡಳು. ಮೂರನೆಯ ದಿನ ಮಳೆಯಲ್ಲೇ ಸೈಕಲ್ ತುಳಿದು ಅವನ ಅಂಗಡಿಗೆ ಹೋದಳು.

"ತಗೋರಿ ನಿಮ್ಮ ಸೀರಿ! ದೊಡ್ಡ ಬಳಿ ಹಾಕ್ಕೊಳ್ಳಾಕಿಗೆ ಉಡಸ್ರಿ. ನನಗ ಈ ಲಗ್ನ ಬ್ಯಾಡ!"

ಮರಗಟ್ಟಿದ ಕೈಯಿಂದ ಚೀಲ ಜಾರಿ ಬಿತ್ತು. ಕನಕರಾಯ ಅವಳ ಬೆರಳುಗಳನ್ನೇ ನೋಡಿದ. ಒಳಗಿನಿಂದ ಎರಡು ಬಳೆ ಪೊಟ್ಟಣ, ಎರಡು ಜೊತೆ ಕೈಗವಸು ತಂದಿಟ್ಟ. ಒಂದು ಉಣ್ಣೆಯದು, ಇನ್ನೊಂದು ರಬ್ಬರಿನದು.

"ಅವತ್ತು ಕಪ್ಪು ಬಿದ್ದಾಗ ಎಲ್ಲಾರೂ ಅವ್ವನ ಸೀರಿ ನೋಡಿದ್ರು. ನಾ ನಿನ್ನ ಬೆರಳು ನೋಡಿದೆ. ನೀಲಿಗಟ್ಟಿದ್ವು, ಆದಮ್ಮ."

ಅವಳ ಅನುಮಾನ ಅಷ್ಟು ಸುಲಭಕ್ಕೆ ಕರಗುವಂಥದ್ದಲ್ಲ. "ಮತ್ತ ಬಳಿ?"

"ಮದಲ ಬರೇ ಉಣ್ಣಿದು ನಾನ ಹಾಕ್ಕೊಂಡು ಸೈಕಲ್ ಮ್ಯಾಲೆ ಲಿಂಗಸುಗೂರು ದಾರಿ ಹಿಡದು ನೋಡಿದೆ. ಮಳಿ ನೀರು ಹೀರಿ ಬರಫಿನಂಗ ತಣ್ಣಗಾತು. ಚರ್ಮದ್ದು ತೊಯ್ದು ಬಿರುಸಾತು, ಬ್ರೇಕ್ ಹಿಡಿಯಾಕ ಬರಲಿಲ್ಲ. ಅದಕ್ಕ ಒಳಗ ಉಣ್ಣಿದು, ಮ್ಯಾಲೆ ರಬ್ಬರ್. ಮ್ಯಾಲಿಂದು ದೊಡ್ಡದಿರಬೇಕಲ್ಲ? ಸಿಂಧನೂರು ಪ್ಯಾಟಿಗೆ ಎರಡೂ ಬಳಿ ಒಯ್ದು, ಸಣ್ಣದರಾಗ ಉಣ್ಣಿದು, ದೊಡ್ಡದರಾಗ ರಬ್ಬರಿಂದು ತೂರಿಸಿ ನಿನ್ನ ಅಳತಿದು ಆರಿಸಿದೆ."

"ನನ್ನ ಕೇಳಿದ್ರ ಆಗತಿರಲಿಲ್ಲೇನು?"

"ಲಗ್ನಕ್ಕ ಮದಲ ನಿನ್ನ ಕೈ ಹಿಡದು ಅಳತಿ ತಗೊಂಡ್ರ ನಿಮ್ಮಪ್ಪ ಬಿಡತಿದ್ನೇನು?"

ನಗು ಬಂತು. ತಡೆದುಕೊಂಡಳು! ಕೈಗವಸುಗಳನ್ನು ಒಂದರ ಮೇಲೊಂದು ಹಾಕಿ ಸೈಕಲ್ಲಿನ ಬ್ರೇಕ್ ಒತ್ತಿದಳು. ಸರಿಯಾಗಿ ಹಿಡಿಯಿತು. ಬೆರಳಿಗೆ ಬಿಸಿ ಏರುತ್ತಿದ್ದಂತೆ ಕಣ್ಣು ತುಂಬಿ ಬಂದವು. ಬಗ್ಗಿ ಸೀರೆಯ ಚೀಲವನ್ನು ತಾನೇ ಎತ್ತಿಕೊಂಡಳು.

"ನನ್ನ ಬಿಟ್ಟು ಹೊಂಟಿದ್ದಿಯಲ್ಲ?" ಅಂದ ಅವನು. "ನಾ ಏನಾಗತಿದ್ದೆ?"

"ನೀವ್ಯಾಕ ಮುಚ್ಚಿಟ್ರಿ?... ಇನ್ನ ಬಿಡಂಗಿಲ್ಲರಿ." ಸಣ್ಣ ಬಳೆಗಳ ಪೊಟ್ಟಣ ಎದೆಗವಚಿಕೊಂಡಳು.

"ದೊಡ್ಡವು ಏನು ಮಾಡ್ಲಿ?"

"ನಿಮ್ಮವ್ವಗ ತೊಡಸ್ರಿ. ಚಾ ಚೆಲ್ಲಿದ ಸೊಸಿ ಕೊಟ್ಟಾಳ ಅನ್ರಿ!"