ಕೆರೆದ ನಕ್ಷತ್ರ

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ವಿಮಾನ ಸಂಗ್ರಹಾಲಯದ ಮೇಲ್ವಿಚಾರಕರು ಠಾಣೆಗೆ ಬಂದು ದೂರು ಕೊಟ್ಟರು. ಹಳೆಯ ಯುದ್ಧವಿಮಾನವೊಂದರ ಮೈಮೇಲೆ ಬರೆದಿದ್ದ ಐದು ಕೆಂಪು ನಕ್ಷತ್ರಗಳಲ್ಲಿ ಕೊನೆಯದನ್ನು ಯಾರೋ ಕೆರೆದುಹಾಕಿದ್ದರು. ಕೆಡವಿದ ಒಂದೊಂದು ಶತ್ರುವಿಮಾನಕ್ಕೆ ಒಂದೊಂದು ನಕ್ಷತ್ರ. ಐದಾದರೆ ಮಹಾವೀರನೆಂಬ ಪಟ್ಟ, ನಾಲ್ಕಕ್ಕೆ ಬರೀ ಶಹಬ್ಬಾಸ್. ಆ ವಿಮಾನ ಹಾರಿಸಿದ್ದ ಪೈಲಟ್‌ಗೆ ಬರುವ ಭಾನುವಾರ ಅಲ್ಲೇ ಸನ್ಮಾನವಿತ್ತು.

“ಯಾರ ಮೇಲಾದ್ರೂ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದಳು.

“ಹೊಟ್ಟೆಕಿಚ್ಚಿನವರು, ಮೇಡಂ. ಇದು ಮೂರನೇ ಸಲ. ಎರಡು ಸಲ ಬಣ್ಣ ಹಚ್ಚಿ ಸುಮ್ಮನಾದ್ವಿ.”

ಎಫ್‌ಐಆರ್ ದಾಖಲಾಯಿತು. ಪಂಚನಾಮೆಗೆ ಹೋದಾಗ ದಫೇದಾರ ತಲೆ ಕೆರೆದುಕೊಂಡ. ನಕ್ಷತ್ರಗಳಿದ್ದದ್ದು ಪೈಲಟ್ ಕೂರುವ ಜಾಗದ ಕೆಳಗೆ, ಕೈಗೆಟುಕದ ಎತ್ತರದಲ್ಲಿ. ಏಣಿ ಬೀಗ ಹಾಕಿದ ಕೋಣೆಯಲ್ಲಿತ್ತು, ಅದರ ಮೇಲಿನ ಧೂಳೂ ಕದಲಿರಲಿಲ್ಲ. ಇನ್‌ಸ್ಪೆಕ್ಟರ್ ವಿಮಾನದ ಮೈಯನ್ನು ಅಂಗೈಯಿಂದ ಒತ್ತುತ್ತ ನಡೆದಳು. ಒಂದು ಕಡೆ ತಗಡು ಒಳಗೆ ಮಡಚಿಕೊಂಡು, ಕಾಲಿಡುವಷ್ಟು ಗೂಡು ತೆರೆಯಿತು. ಅದರ ಮೇಲೆ ಇನ್ನೊಂದಿತ್ತು. ಎರಡರಲ್ಲೂ ಹಸಿ ಮಣ್ಣು, ಕೆಂಪು ಬಣ್ಣದ ಪುಡಿ.

“ಇದು ಇರೋದು ನನಗೇ ಗೊತ್ತಿರಲಿಲ್ಲ,” ಎಂದರು ಮೇಲ್ವಿಚಾರಕರು.

“ಮತ್ತೆ ಯಾರಿಗೆ ಗೊತ್ತಿರುತ್ತೆ?”

“ಹಾರಿಸಿದವರಿಗೆ,” ಎಂದವರು ನಾಲಿಗೆ ಕಚ್ಚಿಕೊಂಡರು.

“ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು,” ಎಂದು ದಫೇದಾರ ಜೀಪಿನಲ್ಲಿ ಗೊಣಗಿದ.

ಪೈಲಟ್ ಮನೆಯ ಬಾಗಿಲು ತೆರೆದವಳು ಅವರ ಸೊಸೆ. ಮುದುಕರು ಹಿತ್ತಿಲಲ್ಲಿ ಕೂತು ಉಳಿ ಮಸೆಯುತ್ತಿದ್ದರು. ಅದರ ಹಿಡಿಗೆ ಕೆಂಪು ಬಣ್ಣ ಮೆತ್ತಿತ್ತು.

“ಕೆರೆದದ್ದು ನೀವೇನಾ?”

“ನಾನೇ. ಮತ್ತೆ ಬರೆದರೆ ಮತ್ತೆ ಕೆರೀತೀನಿ.”

“ನಿಮ್ಮದೇ ಗೆಲುವಲ್ವಾ ಅದು?”

“ನನ್ನ ಗುಂಡು ತಾಗ್ತು, ಹೊಗೆ ಬಂತು, ಮೋಡದೊಳಗೆ ಹೋಯ್ತು. ಬಿದ್ದದ್ದು ನಾನು ನೋಡಿಲ್ಲ.”

“ಬೇರೆ ಯಾರಾದ್ರೂ ನೋಡಿದ್ರಾ?”

“ನೋಡಿದವರಿಲ್ಲ, ಕೆಡವಿದವರು ಬೇಕಾದಷ್ಟು. ತಾನೇ ಕೆಡವಿದ್ದು ಅಂತ ನನ್ನ ಜೊತೆಗಾರ ಅಂದ. ನೆಲದ ಮೇಲಿನ ಫಿರಂಗಿಯವರೂ ತಾವೇ ಅಂದ್ರು. ಅವತ್ತು ಬಂದಿದ್ದು ಏಳು ವಿಮಾನ; ಸಾಯಂಕಾಲಕ್ಕೆ ನಮ್ಮ ಲೆಕ್ಕದಲ್ಲಿ ಬಿದ್ದದ್ದು ಒಂಬತ್ತು. ಅವಶೇಷ ಸಿಗದವು ಸಮುದ್ರಕ್ಕೆ ಬಿದ್ದವು ಅಂತ ಬರೆದ್ರು. ಸಮುದ್ರ ಎದ್ದು ಬಂದು ಇಲ್ಲ ಅನ್ನುತ್ತಾ?”

ಐದನೆಯ ನಕ್ಷತ್ರ ಬೇಡವೆಂದು ಮುದುಕರು ಅಂದೇ ಹೇಳಿದ್ದರು. ಆದರೆ ಮೇಲಿನವರಿಗೆ ಐದು ಬೇಕಿತ್ತು. ಬೇಡವೆಂದಷ್ಟೂ ಅವರ ವಿನಯವನ್ನು ಹೊಗಳಿದರು; ನಲವತ್ತು ವರ್ಷ ಹೊಗಳಿದರು. ಕೇಳಿ ಇನ್‌ಸ್ಪೆಕ್ಟರಿಗೇ ರೇಗಿತು.

ಅಷ್ಟರಲ್ಲಿ ಮೇಲ್ವಿಚಾರಕರ ಫೋನ್ ಬಂತು. “ದೂರು ವಾಪಸ್ ತಗೋತೀವಿ, ಮೇಡಂ. ಇವತ್ತೇ ಬಣ್ಣ ಹಚ್ಚಿಸಿಬಿಡ್ತೀವಿ.”

ಅದು ಮುದುಕರ ಕಿವಿಗೂ ಬಿತ್ತು. “ವಾಪಸ್ ಕೊಡಬೇಡಿ. ನನ್ನನ್ನ ಬಂಧಿಸಿ.”

“ಒಂದು ನಕ್ಷತ್ರಕ್ಕೆ ಇಷ್ಟು ಹಠ ಯಾಕೆ?”

“ನಾಲ್ಕು ಬಿದ್ದದ್ದು ಕಣ್ಣಾರೆ ನೋಡಿದ್ದೀನಿ. ಆ ನಾಲ್ಕು ಜೀವ ನನ್ನ ತಲೆ ಮೇಲಿವೆ, ಇಲ್ಲ ಅನ್ನಲ್ಲ. ಐದನೆಯವನು ಮನೆ ಸೇರಿರಬಹುದು. ಈಗ ಮೊಮ್ಮಕ್ಕಳನ್ನ ಆಡಿಸ್ತಾ ಇರಬಹುದು. ಬಣ್ಣ ಬಳಿದು ಅವನನ್ನ ಸಾಯಿಸೋಕೆ ಇವರು ಯಾರು?”

ಸೊಸೆ ಒಳಗೆ ಹೋಗಿ ಮಾವನ ಸ್ವೆಟರ್, ಮಾತ್ರೆ ತಂದಳು.

ಇನ್‌ಸ್ಪೆಕ್ಟರ್ ಫೋನಿನಲ್ಲಿ ಹೇಳಿದಳು: “ಎಫ್‌ಐಆರ್ ಆದ ಮೇಲೆ ಅದು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಕೆರೆದ ಜಾಗ ಈಗ ಸಾಕ್ಷ್ಯ. ತೀರ್ಪು ಬರೋತನಕ ಕುಂಚ ತಾಗಿಸಿದ್ರೆ ನಿಮ್ಮನ್ನೂ ಒಳಗೆ ಹಾಕ್ತೀನಿ.”

ಮಧ್ಯಾಹ್ನ ಬಂಧನವಾಯಿತು. ಜೀಪು ಹತ್ತಿಸಲು ದಫೇದಾರ ಕೈ ಚಾಚಿದರೆ ಮುದುಕರು ಹಿಡಿಯಲಿಲ್ಲ, ತಾವೇ ಹತ್ತಿ ಕೂತರು.

“ತೀರ್ಪಿಗೆ ಎಷ್ಟು ವರ್ಷ ಆಗುತ್ತೆ?”

“ನೀವಂತೂ ಇರಲ್ಲ,” ಎಂದಳು ಇನ್‌ಸ್ಪೆಕ್ಟರ್. “ನಾನಿರೋದೂ ಅನುಮಾನ.”

“ಸಾಕು,” ಎಂದು ಪೈಲಟ್ ಸ್ವೆಟರ್ ಹಾಕಿಕೊಂಡರು. “ಅಲ್ಲಿತನಕ ಅವನು ಬದುಕಿರ್ತಾನೆ.”