ಕೈಮರೆ

ಇದನ್ನು ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ನಾನೂ ನನ್ನಕ್ಕನೂ ಒಂದೇ ವೀಕ್ಷಣಾಲಯದಲ್ಲಿ ಕೂತು ನಕ್ಷತ್ರಗಳ ಬೆಳಕಿನ ಗ್ರಾಫ್ ನೋಡುವ ಕೆಲಸದವರು. ಬಹುದೂರದ ಒಂದು ನಕ್ಷತ್ರ ಹನ್ನೊಂದು ದಿನಕ್ಕೊಮ್ಮೆ ಸರಿಯಾಗಿ ಎರಡು ಗಂಟೆ ಮಂಕಾಗುತ್ತಿತ್ತು. ಅದರ ಗ್ರಹ ಅಡ್ಡ ಬರುತ್ತಿತ್ತು. ಆ ಗ್ರಹಕ್ಕೆ ಇದ್ದದ್ದು ಬರೀ ನಂಬರು; ಅಕ್ಕ ‘ಕೈಮರೆ’ ಎಂದು ಹೆಸರಿಟ್ಟಳು.

“ಅಲ್ಲೊಬ್ಬಳು ಅಜ್ಜಿ ಇದಾಳೆ ಕಣೇ. ಗಾಳಿ ಬಂದಾಗ ದೀಪಕ್ಕೆ ಕೈ ಅಡ್ಡ ಹಿಡೀತಾಳೆ,” ಎನ್ನುತ್ತಾ ನನ್ನ ಚಹಾದ ಲೋಟವನ್ನೂ ಅಂಗೈಯಿಂದ ಮುಚ್ಚುತ್ತಿದ್ದಳು. ಗ್ರಾಫ್ ನೋಡುತ್ತಾ ಚಹಾ ತಣ್ಣಗಾಗಲು ಬಿಡುವುದು ನನ್ನ ಹಳೇ ಚಾಳಿ.

ಅಕ್ಕ ತೀರಿಕೊಂಡ ಮೇಲೆ ಮೊದಲ ಸಲ ಕೈಮರೆ ಅಡ್ಡ ಬಂದದ್ದು ಒಂದು ರಾತ್ರಿ. ಚಹಾ ತಂದಿಟ್ಟುಕೊಂಡು ಕೂತೆ. ಗ್ರಾಫಿನ ಗೆರೆ ಇಳಿಯಿತು. ಪಕ್ಕದ ಖಾಲಿ ಕುರ್ಚಿ ಒಮ್ಮೆ ಕಿರ್ರೆಂದಿತು. ಎರಡು ಗಂಟೆ ಕಳೆದರೂ ಗೆರೆ ಮೇಲೇಳಲಿಲ್ಲ. ಇನ್ನೂ ಒಂದು ಗಂಟೆಯಾದ ಮೇಲೆ, ಯಾರೋ ಒಲ್ಲದ ಮನಸ್ಸಿನಿಂದ ಕೈ ತೆಗೆದಂತೆ, ಮೆಲ್ಲಗೆ ಏರಿತು.

“ಯಂತ್ರದ ದೋಷ ಇರ್ಬೇಕು, ಬಿಡಮ್ಮ,” ಎಂದರು ಮೇಲ್ವಿಚಾರಕರು.

ಇರಬಹುದು ಎಂದೆ. ಅವರು ಹೋದ ಮೇಲೆ, ಮರೆತೇಬಿಟ್ಟಿದ್ದ ಚಹಾ ಎತ್ತಿ ಒಂದು ಗುಟುಕು ಕುಡಿದೆ. ನಾಲಿಗೆ ಸುಟ್ಟಿತು.