ಒಂಟಿ ಸೀನು

ನಾನು ಬ್ಯಾಗು ಹೆಗಲಿಗೇರಿಸಿ ಹೊಸ್ತಿಲು ದಾಟುವುದಕ್ಕೂ, ಅಪ್ಪ ನಶ್ಯ ಏರಿಸಿ ಒಂದೇ ಒಂದು ಸಲ ಸೀನುವುದಕ್ಕೂ ಸರಿಹೋಯಿತು.

"ಕೂತ್ಕೋ ಹಂಸ. ಒಂಟಿ ಸೀನು. ಈಗ ಹೊರಡಬಾರದು."

"ಅಪ್ಪ, ಎಂಟು ಗಂಟೆ ಬಸ್ಸು!"

"ಇನ್ನೊಂದು ಬರಲಿ, ಹೋಗುವೆಯಂತೆ."

ಅಪ್ಪ ಪಟ್ಟಾಭಿರಾಮ, ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಸಂಸ್ಕೃತ ಮೇಷ್ಟ್ರು. ಜೋಡಿ ಸೀನು ಶುಭ, ಒಂಟಿ ಸೀನು ಅಪಶಕುನ. "ಹಾಗಾದರೆ ಇನ್ನೊಂದು ಚಿಟಿಕೆ ನಶ್ಯ ಹಾಕಿ ಸೀನಿಬಿಡಿ" ಅಂದೆ. ಅಪ್ಪ ನನ್ನನ್ನು ಕಳ್ಳಿಯ ಹಾಗೆ ನೋಡಿದರು. ಎರಡನೆಯದು ತಾನಾಗಿ ಬರಬೇಕಂತೆ, ನಶ್ಯ ಹಾಕಿ ಕರೆಸಿಕೊಂಡರೆ ಅದು ದೇವರಿಗೆ ಮಾಡುವ ಮೋಸವಂತೆ. ಆ ಸೀನು ಬಂದಾಗ ಒಂಬತ್ತೂವರೆ.

ಹಾಗಾಗಿ ೨೦೦೧ರ ಸೆಪ್ಟೆಂಬರಿನ ಆ ಸೋಮವಾರ ನಾನು ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ, ಮೊಪೆಡ್ಡಿಗೆ ಒರಗಿ ನಿಂತಿದ್ದವನ ಮುಖ ಊದಿಕೊಂಡಿತ್ತು.

"ಹಂಸ ಅಂದ್ರೆ ನೀವೇನಾ? ಒಂದೂವರೆ ಗಂಟೆ ಲೇಟು."

ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅದರಲ್ಲೂ ಸಿಟ್ಟು ಬಂದಾಗ ಬರುವುದೇ ಇಲ್ಲ. "ಅಪ್ಪ ಒಂಟಿ ಸೀನು ಸೀನಿದ್ರು" ಅಂದೆ.

ಅವನು ಎರಡು ಕ್ಷಣ ನನ್ನನ್ನು ನೋಡಿದ. ಆಮೇಲೆ ನಕ್ಕ. ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಮೊದಲೇ ಮುಚ್ಚುತ್ತದೆ ಅನ್ನುವುದನ್ನು ನಾನು ಆಗಲೇ ಗಮನಿಸಿಬಿಟ್ಟೆ. ಗಮನಿಸಬಾರದಿತ್ತು.

"ನಾವು ಬಸ್ಸು ಕೆಟ್ಟೋಯ್ತು ಅಂತೀವಿ. ನಿಮ್ದು ಒಸಾದು ಕಣ್ರೀ" ಅಂದ. "ನಾನು ದೇವರಾಜ್. ಹತ್ತಿ."

ನಾನು ಆಗ ಹಾಸನದಲ್ಲಿ ಎಂ.ಟೆಕ್. ಓದುತ್ತಿದ್ದೆ. ಗೈಡು ಶಾಂತಕುಮಾರಿ ಮೇಡಂ. ನಮ್ಮ ಪ್ರಾಜೆಕ್ಟು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸಂಬಂಧಪಟ್ಟದ್ದು. ಬ್ಯಾರನ್ ಅಂದರೆ ಎರಡಾಳೆತ್ತರದ ಇಟ್ಟಿಗೆಯ ಕೋಣೆ. ಒಳಗೆ ಕೋಲುಗಳಿಗೆ ಪೋಣಿಸಿದ ಹಸಿ ಎಲೆ, ಹೊರಗೆ ಒಲೆ. ಐದಾರು ದಿನ ಹದವಾಗಿ ಬಿಸಿ ಕೊಟ್ಟರೆ ಹಸಿರೆಲೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಹದ ತಪ್ಪಿದರೆ ಕಂದಿ ಕಸವಾಗುತ್ತದೆ. ಒಂದೊಂದು ಬ್ಯಾರನ್ನಿಗೂ ಮರಗಳೇ ಉರಿದುಹೋಗುತ್ತಿದ್ದವು. ಸೌದೆಯ ಬದಲು ಜೋಳದ ಬೆಂಡು, ಕಾಫಿ ಹೊಟ್ಟು ಉರಿಸುವ ಒಲೆ ನಮ್ಮದು. ಅದರ ಗಾಳಿಯಂತ್ರವನ್ನು ತಾನೇ ಹೆಚ್ಚು ಕಮ್ಮಿ ಮಾಡುವ ಕಂಟ್ರೋಲ್ ಬೋರ್ಡನ್ನು ನಾನೇ ಕೈಯಾರೆ ಬೆಸುಗೆ ಹಾಕಿ ಮಾಡಿದ್ದೆ. ಹೆತ್ತ ಮಗುವಿನ ಹಾಗೆ ಅದನ್ನು ಮಡಿಲಲ್ಲಿಟ್ಟುಕೊಂಡು ಮೊಪೆಡ್ ಹತ್ತಿದೆ.

ದೇವರಾಜ್ ಬಿ.ಎಸ್‌ಸಿ. ಅಗ್ರಿ ಮಾಡಿ ಇದೇ ಪ್ರಾಜೆಕ್ಟಿನಲ್ಲಿ ಬೆಳೆಯ ಕಡೆ ನೋಡಿಕೊಳ್ಳುತ್ತಿದ್ದ. ಪ್ರಯೋಗಕ್ಕೆ ಬ್ಯಾರನ್ ಕೊಟ್ಟವರು ಅವನ ಅಪ್ಪ ಕೃಷ್ಣಪ್ಪ. ಕೊಟ್ಟದ್ದು ಒಂದೇ ಒಂದು ಸಲಕ್ಕೆ.

"ಈ ಸಲ ಎಲೆ ಚೆನ್ನಾಗೈತೆ. ಕೆಡಿಸ್ಬುಟ್ರೆ ಮುಂದಿನ್ ಸಲ ನನ್ ಸೌದೆ ನಂಗೆ, ನಿಮ್ ಮಿಷನ್ನು ನಿಮಗೆ. ಏನವ್ವಾ?" ಅಂದರು ಕೃಷ್ಣಪ್ಪ.

"ಕೆಡಲ್ಲ" ಅಂದೆ. ಅಷ್ಟು ಹೇಳಿ ಸುಮ್ಮನಿರಬೇಕಿತ್ತು. ಒಳಗೆ ನೇತುಹಾಕಿದ್ದ ಅವರ ಹಳೇ ಗಾಜಿನ ಥರ್ಮಾಮೀಟರನ್ನೂ ತೆಗೆಸಿಬಿಟ್ಟೆ. "ನನ್ನ ಸೆನ್ಸರ್ ಇರುವಾಗ ಇದು ಯಾಕೆ?"

ದೇವರಾಜ್ ಥರ್ಮಾಮೀಟರನ್ನು ಜೇಬಿಗೆ ಇಳಿಸಿದ. "ನಂಗೆ ಅದೂ ಬೇಡ, ಇದೂ ಬೇಡ. ಮೂಗು ಸಾಕು."

"ಮೂಗಾ?"

"ಎಲೆ ಬೇಯೋವಾಗ ವಾಸನೆ ಬದಲಾಯ್ತದೆ. ಮೊದ್ಲು ಹಸಿ ಹುಲ್ಲು. ಆಮೇಲೆ ಮಾಗಿದ್ ಬಾಳೆಹಣ್ಣು. ಆಮೇಲೆ ಜೇನು."

"ನಮ್ಮ ಮನೇಲೂ ಒಂದು ಮೂಗಿದೆ. ಅದು ಬಸ್ಸು ತಪ್ಪಿಸುತ್ತೆ."

"ನಿಮ್ ಬೋರ್ಡಾ, ನನ್ ಮೂಗಾ, ನೋಡೇ ಬಿಡಾಣ" ಅಂದ. ಎಡಗಣ್ಣು ಮತ್ತೆ ಮೊದಲು ಮುಚ್ಚಿತು.

ಒಲೆ ಕೂರಿಸಿ, ಎಲೆ ಕೊಯ್ದು, ಪೋಣಿಸಿ, ಬ್ಯಾರನ್ ತುಂಬಲು ಎಂಟು ದಿನ ಹಿಡಿಯಿತು. ಕೋಲಿಗೆ ಎಲೆ ಕಟ್ಟುವುದನ್ನು ಅವನ ಅವ್ವ ಬೆಟ್ಟಮ್ಮ ಕಲಿಸಿದರು. ನಾನು ಕಟ್ಟಿದ್ದೆಲ್ಲ ಬಿಚ್ಚಿಕೊಳ್ಳುತ್ತಿತ್ತು. ದೇವರಾಜ್ ಮಾತಿಲ್ಲದೆ ಹಿಂದೆ ಕೂತು ಮತ್ತೆ ಕಟ್ಟುತ್ತಿದ್ದ. ಎಲೆಯ ಅಂಟಿಗೆ ನನ್ನ ಕೈಯೆಲ್ಲ ಕಪ್ಪಾಯಿತು. ಹಸಿ ಟೊಮೇಟೊ ಹಿಂಡಿದರೆ ಹೋಗುತ್ತದೆ ಅಂತ ಅವನು ಒಂದು ಟೊಮೇಟೊ ತಂದು, ಎರಡು ಮಾಡಿ, ಅರ್ಧ ನನ್ನ ಅಂಗೈಯಲ್ಲಿಟ್ಟ. ಬೆರಳಿಗೆ ಬೆರಳು ತಾಗಿತು. ಕಪ್ಪು ಹೋಯಿತು. ಎದೆ ಮಾತ್ರ ಸಂಜೆಯ ಬಸ್ಸು ಹತ್ತಿದ ಮೇಲೂ ಹೊಡೆದುಕೊಳ್ಳುತ್ತಿತ್ತು.

ಮನೆಯಲ್ಲಿ ಅಪ್ಪ ಕೇಳುತ್ತಿದ್ದರು, "ಏನಾಯ್ತು ಇವತ್ತು?" ನಾನು ಒಲೆಯ ಬಗ್ಗೆ ಹೇಳಲು ಹೊರಟರೆ ನಾಲ್ಕನೇ ವಾಕ್ಯಕ್ಕೆ ದೇವರಾಜ್ ಬರುತ್ತಿದ್ದ. ಅಪ್ಪ ನಶ್ಯದ ಡಬ್ಬಿಯನ್ನು ಬೆರಳಿನಿಂದ ತಟ್ಟುತ್ತಿದ್ದರು ಅಷ್ಟೆ.

ನನಗೆ ಭಯ ಇದ್ದದ್ದು ಅಲ್ಲೇ. ನಮ್ಮ ಮನೆಯಲ್ಲಿ ಈರುಳ್ಳಿ ಹೆಚ್ಚಲೂ ವಾರ, ತಿಥಿ ನೋಡುತ್ತಾರೆ. ಅವರ ಮನೆಯಲ್ಲಿ ಭಾನುವಾರ ಬಂತೆಂದರೆ ಕೋಳಿಸಾರಿನ ಘಮ ಬೀದಿಯ ತುದಿಗೇ ಬಂದು ಕರೆಯುತ್ತದೆ. ಅಪ್ಪನನ್ನು ನೋಯಿಸಿ ನನಗೆ ಅಭ್ಯಾಸವಿಲ್ಲ. ದೇವರಾಜ್ ಬಾಯಿ ಬಿಟ್ಟು ಏನೂ ಹೇಳಿಯೂ ಇರಲಿಲ್ಲ. ಇದ್ದ ಆಸೆಯೊಂದೇ. ಈ ಬ್ಯಾರನ್ ಗೆದ್ದರೆ ಪ್ರಾಜೆಕ್ಟು ಇನ್ನೆರಡು ವರ್ಷ ನಡೆಯುತ್ತದೆ, ಎರಡು ವರ್ಷದಲ್ಲಿ ಏನೋ ಒಂದು ದಾರಿಯಾದೀತು. ಸೋತರೆ ಅರಕಲಗೂಡಿನ ಬಸ್ಸು ಹತ್ತಲು ನನಗೆ ನೆಪವೇ ಇರುವುದಿಲ್ಲ.

ಒಲೆ ಹಚ್ಚಿದೆವು. ಎರಡು ದಿನ ಬೋರ್ಡು ಮುದ್ದಾಗಿ ನಡೆಯಿತು. ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಹದಗೆಟ್ಟಿತು.

ಬಿಸಿ ನೂರ ಹತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಏರಬೇಕಿತ್ತು. ಬೋರ್ಡು ತೊಂಬತ್ತೆಂಟು ಅನ್ನುತ್ತಿತ್ತು. ಸಾಲದು ಅಂತ ಗಾಳಿಯಂತ್ರ ಒಂದೇ ಸಮನೆ ಊದುತ್ತಿತ್ತು, ಒಲೆ ಬುಸುಗುಡುತ್ತಿತ್ತು, ಅಂಕಿ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ದೇವರಾಜ್ ಹೊಲದಿಂದ ಓಡಿ ಬಂದ. "ನಿಲ್ಸಿ! ಉರಿ ಜಾಸ್ತಿ ಆಗೈತೆ!"

"ತೊಂಬತ್ತೆಂಟೇ ಇರೋದು! ಇನ್ನೂ ಹನ್ನೆರಡು ಬೇಕು!"

"ವಾಸ್ನೆ ನೋಡಿ. ಬಾಳೆಹಣ್ಣು ದಾಟಿ ಜೇನೂ ದಾಟೋಯ್ತು. ಸೀದೋಯ್ತೈತೆ!"

"ನಿಮ್ಮ ಮೂಗನ್ನ ನಂಬಿ ನಾನು ಥೀಸಿಸ್ ಬರೆಯೋಕಾಗಲ್ಲ!"

ಅವನು ನನ್ನನ್ನು ದಾಟಿಕೊಂಡು ಹೋಗಿ ವೈರನ್ನೇ ಕಿತ್ತು ಹಾಕಿದ. ಗಾಳಿ ನಿಂತಿತು.

ನಾನು ಕಿರುಚಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ನನ್ನ ಬೋರ್ಡು ಗೆಲ್ಲುವುದು ನಿಮಗೆ ಬೇಕಿಲ್ಲ ಅಂದದ್ದು ಮಾತ್ರ ನೆನಪಿದೆ. ಅವನ ಮುಖ ಬಾಡಿತು. ಆದರೂ ಮಾತಿಗೆ ನಿಲ್ಲದೆ ಸರಸರ ಏಣಿ ಹತ್ತಿ ಮಾಡಿನ ಗಾಳಿಗಿಂಡಿ ತೆರೆದ. ಇಳಿದು ಬಂದವನೇ ಜೇಬಿನಿಂದ ಹಳೇ ಥರ್ಮಾಮೀಟರ್ ತೆಗೆದು, ಗೋಡೆಯ ಪುಟ್ಟ ಕಿಟಕಿಯೊಳಗೆ ಇಳಿಬಿಟ್ಟ. ಎರಡು ನಿಮಿಷ ಬಿಟ್ಟು ಹೊರಗೆಳೆದು ನನ್ನ ಮುಂದೆ ಹಿಡಿದ.

ನೂರಿಪ್ಪತ್ತೆರಡು.

ಬಗ್ಗಿ ಕಿಟಕಿಯೊಳಗೆ ನೋಡಿದೆ. ನನ್ನ ಸೆನ್ಸರಿಗೆ ಹಳದಿ ಬಟ್ಟೆ ಸುತ್ತಿತ್ತು, ನಡುವೆ ಒಂದು ಅರಿಶಿನದ ಕೊಂಬು. ಬಟ್ಟೆಯ ತುದಿ ಕೆಳಗಿಟ್ಟ ಒಂದು ಪುಟ್ಟ ಚೊಂಬಿನ ಅರಿಶಿನ ನೀರಿನಲ್ಲಿ ಅದ್ದಿಕೊಂಡು, ಬತ್ತಿಯ ಹಾಗೆ ನೀರು ಹೀರುತ್ತಿತ್ತು. ಒದ್ದೆ ಬಟ್ಟೆಯೊಳಗೆ ತಣ್ಣಗೆ ಕೂತ ಸೆನ್ಸರು ಎಲ್ಲ ತಂಪಾಗಿದೆ ಅಂತ ಬೋರ್ಡಿಗೆ ಹೇಳುತ್ತಿತ್ತು.

ಬೆಟ್ಟಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. "ನಾನೇ ಕಣವ್ವಾ. ಒಸಾ ಮಡಕೆಗೂ ಕಟ್ತೀವಿ, ಒಸಾ ಪಂಪ್‌ಸೆಟ್ಟಿಗೂ ಕಟ್ತೀವಿ. ಒಸಾ ಮಿಷನ್ನಿಗೆ ಅರಿಸ್ಣ ಕಟ್ದೆ ಇರಕ್ಕಾಯ್ತದಾ? ಅರಕೆ ಮಾಡ್ಕಂಡು ಇವತ್ತು ಒತ್ತಾರೆ ಕಟ್ಟಿದ್ದೆ. ಅರಕೆ ಬಟ್ಟೆ ಒಣಗ್ಬಾರ್ದು, ಅದ್ಕೇ ಚೊಂಬು ಮಡಗ್ದೆ."

"ಏನವ್ವಾ ಅರಕೆ?" ದೇವರಾಜ್ ಕೇಳಿದ.

"ಈಡೇರೋಗಂಟ ಏಳ್ಬಾರ್ದು."

ನನಗೆ ಅಳು ಬರಬೇಕಿತ್ತು. ಬದಲಿಗೆ ಮೈಯೆಲ್ಲ ಝುಮ್ಮೆಂದಿತು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು! ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಬ್ಯಾರನ್ನಿಗೆ ಬರುವಾಗ ಮರೆತು ಬಂದಿದ್ದೆ. ಒಣ ಸೆನ್ಸರು ಬಿಸಿ ಎಷ್ಟು ಅಂತ ಹೇಳುತ್ತದೆ. ಅದರ ಪಕ್ಕದಲ್ಲೇ ಒದ್ದೆಯದೂ ಇದ್ದರೆ, ಎರಡರ ಅಂತರ ನೋಡಿ ಎಲೆ ಗಾಳಿಗೆ ಎಷ್ಟು ನೀರು ಬಿಡುತ್ತಿದೆ ಅಂತ ತಿಳಿಯುತ್ತದೆ. ಹುಲ್ಲು, ಬಾಳೆಹಣ್ಣು, ಜೇನು ಅಂತ ಅವನ ಮೂಗು ಹೇಳುತ್ತಿದ್ದದ್ದು ಇದನ್ನೇ!

"ಬಿಚ್ಚಬೇಡಿ!" ಅಂತ ಕೂಗಿದೆ. "ಆ ಬಟ್ಟೆ ಹಾಗೇ ಇರಲಿ. ನನ್ನ ಹತ್ತಿರ ಇನ್ನೊಂದು ಸೆನ್ಸರಿದೆ, ಅದನ್ನ ಪಕ್ಕದಲ್ಲಿ ಕಟ್ಟೋಣ. ದೇವರಾಜ್, ನೀವು ವಾಸನೆ ಹೇಳಿ, ನಾನು ಅಂಕಿ ಬರೀತೀನಿ. ನಿಮ್ಮ ಮೂಗನ್ನ ಬೋರ್ಡಿಗೆ ಕಲಿಸಬೇಕು!"

ಅವನು ಅಲ್ಲಾಡಲಿಲ್ಲ. "ನಿಮ್ ಬೋರ್ಡು ಗೆಲ್ಲೋದು ನಂಗೆ ಬೇಕಿಲ್ಲ ಅಂದ್ರಿ."

"ಅಂದೆ. ತಪ್ಪಾಯ್ತು."

"ಹತ್ತು ದಿನದಿಂದ ನಿಮ್ ಬೋರ್ಡು ಗೆಲ್ಲಲಿ ಅಂತ ನಾನು ಊಟ ಒಂದು ಬಿಟ್ಟಿಲ್ಲ, ಅಷ್ಟೇಯ" ಅಂದ. ನಗಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು.

ಆಮೇಲಿನ ಮೂರು ಹಗಲು ನನ್ನ ಆಯುಸ್ಸಿನಲ್ಲೇ ಚೆಂದದವು. ಕಿಟಕಿ ಒಂದೇ, ಅದೂ ಒಂದು ಮೊರದಷ್ಟಗಲ, ಮುಖಗಳು ಎರಡು. ಅವನು ಕಣ್ಣು ಮುಚ್ಚಿ ಉಸಿರೆಳೆದು "ಈಗ ಏರ್ಸಿ" ಅನ್ನುತ್ತಿದ್ದ. ನಾನು ಅಂತರ ಬರೆದುಕೊಂಡು ಬೋರ್ಡಿನ ತಿರುಗಣೆ ತಿರುಗಿಸುತ್ತಿದ್ದೆ. ಮೂರನೆಯ ದಿನ ಮಧ್ಯಾಹ್ನ ನಾನು ಮೊದಲೇ "ಈಗ" ಅಂದೆ. ಅದೇ ಕ್ಷಣ ಅವನೂ "ಈಗ" ಅಂದ. ಇಬ್ಬರೂ ತಿರುಗಿದೆವು. ಮೂಗಿಗೆ ಮೂಗು ತಾಗುವುದೊಂದು ಬಾಕಿ. ಅವನ ಕೆನ್ನೆಯ ಮೇಲೆ ಕಾಫಿ ಹೊಟ್ಟಿನ ಒಂದು ಚೂರು ಅಂಟಿತ್ತು. ಒರೆಸಲು ಎತ್ತಿದ ಕೈಯನ್ನು ನಾನು ಪೆನ್ನು ಹುಡುಕುವ ನೆಪದಲ್ಲಿ ಕೆಳಗಿಳಿಸಿದೆ.

"ಪೆನ್ನು ಕಿವಿ ಮೇಲೈತೆ" ಅಂದ ಅವನು, ಮೆಲ್ಲಗೆ.

ಬ್ಯಾರನ್ ತೆರೆಯುವ ದಿನ ಅಪ್ಪ ನಾನೂ ಬರುತ್ತೇನೆ ಅಂದರು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ನಶ್ಯದ ಡಬ್ಬಿ ತಟ್ಟುತ್ತಿದ್ದರು.

ಕೃಷ್ಣಪ್ಪ ಬಾಗಿಲು ತೆಗೆದರು. ಮೇಲಿನ ಸಾಲಿನಲ್ಲಿ ಒಂದಿಷ್ಟು ಎಲೆ ಕಂದಿತ್ತು, ಅದು ನನ್ನ ಜಂಬದ ಗುರುತು. ಉಳಿದ ಕೋಲುಗಳೆಲ್ಲ ನಿಂಬೆಹಣ್ಣಿನ ಬಣ್ಣ. ಕೃಷ್ಣಪ್ಪ ಒಂದೆಲೆ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. "ಸೌದೆ ಒಂದ್ ತುಂಡೂ ಉರೀಲಿಲ್ವಲ್ಲಲಾ ದೇವ! ಮುಂದಿನ್ ಸಲಕ್ಕೂ ಇದೇ ಇರ್ಲಿ" ಅಂದರು. ನಾನು ಕುಣಿಯುವುದೊಂದು ಬಾಕಿ.

ಉಳಿದದ್ದು ಸೆನ್ಸರು. ಅದು ಕಾಲೇಜಿನದು, ಹಿಂದಿರುಗಿಸಲೇಬೇಕು. ಬಟ್ಟೆ ಬಿಚ್ಚಲು ಹೋದೆ.

"ಮುಟ್ಬೇಡ ಕಣವ್ವಾ!" ಬೆಟ್ಟಮ್ಮ ಅಡ್ಡ ಬಂದರು. "ಅರಕೆ ಈಡೇರ್ದೆ ಗಂಟು ಬಿಚ್ಚಂಗಿಲ್ಲ."

"ಎಲೆ ಗೆದ್ದಿತಲ್ಲ?"

"ಅದು ಅರ್ಧ."

"ಇನ್ನರ್ಧ?" ಕೇಳಿದ್ದು ಅಪ್ಪ. ಎಲ್ಲರೂ ಅವರತ್ತ ತಿರುಗಿದೆವು.

ಬೆಟ್ಟಮ್ಮ ಒಂದು ಸಲ ಮಗನ ಮುಖ ನೋಡಿದರು, ಒಂದು ಸಲ ನನ್ನದು. "ಕೇಳಿದ್ ಮ್ಯಾಲೆ ಏಳ್ದೆ ಇರಕ್ಕಾಗಲ್ಲ ಸ್ವಾಮಿ. ಈ ಎಣ್ಮಗ ನಮ್ಮನೆ ತುಂಬ್ಲಿ ಅಂತ."

"ಅವ್ವಾ!" ಅಂದ ದೇವರಾಜ್. ಓಡಿಹೋಗುತ್ತಾನೆ ಅಂದುಕೊಂಡೆ. ಓಡಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಬಂದು ಅಪ್ಪನ ಎದುರಿಗೆ ನಿಂತ.

"ಸಾ, ಇದು ಅವ್ವನ ಅರಕೆ ಮಾತ್ರ ಅಲ್ಲ. ನಂದೂ ಆಸೆ ಅದೇ. ನಿಮ್ಮನೆ ಕ್ರಮ ಬೇರೆ, ನಮ್ದು ಬೇರೆ, ಗೊತ್ತೈತೆ. ನೀವು ಬೇಡ ಅಂದ್ರೆ ಈ ಮಾತು ಮತ್ತೆ ಎತ್ತಲ್ಲ. ಆದ್ರೆ ಹಂಸ ಅಂದ್ರೆ ನಂಗೆ ಜೀವ." ಆಮೇಲೆ ನನ್ನತ್ತ ತಿರುಗಿದ. "ಬಸ್‌ಸ್ಟ್ಯಾಂಡಲ್ಲಿ ಒಂಟಿ ಸೀನು ಅಂದ್ರಲ್ಲ, ಆವತ್ತಿಂದ."

ಅಪ್ಪ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಸುಳ್ಳು ನನಗೆ ಬರುವುದಿಲ್ಲ ಅಂತ ಆಗಲೇ ಹೇಳಿದೆನಲ್ಲ.

"ಗಂಟು ಬಿಚ್ಚಿ ಅತ್ತೆ" ಅಂದೆ.

ಬೆಟ್ಟಮ್ಮನ ಬೆರಳು ಗಂಟಿಗೆ ಹೋಯಿತು. ಬ್ಯಾರನ್ನಿನ ಬಾಗಿಲಿಂದ ಹೊಗೆಸೊಪ್ಪಿನ ಘಾಟು ಒಮ್ಮೆಲೇ ಹೊರಗೆ ನುಗ್ಗಿತು. ಅಪ್ಪನ ಮೂಗು ಅರಳಿತು, ಕಣ್ಣು ಮುಚ್ಚಿತು.

"ಆಕ್ಷೀ!"

ಒಂದೇ ಒಂದು.

ಬೆಟ್ಟಮ್ಮನ ಕೈ ಅಲ್ಲೇ ನಿಂತಿತು. ಕೃಷ್ಣಪ್ಪ ಕೈಯಲ್ಲಿದ್ದ ಎಲೆ ಕೆಳಗಿಟ್ಟರು. ದೇವರಾಜನ ಮುಖ ಬಿಳಿಚಿಕೊಂಡಿತು, ಒಂಟಿ ಸೀನು ಅಂದರೆ ಏನೆಂದು ಅವನಿಗೆ ನಾನೇ ಹೇಳಿಕೊಟ್ಟಿದ್ದೆನಲ್ಲ. ಕಾದೆವು. ಎರಡನೆಯದು ಬರಲಿಲ್ಲ. ನಾನು ಅಪ್ಪನ ಮೂಗನ್ನೇ ನೋಡುತ್ತ ಮನಸ್ಸಿನಲ್ಲಿ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದೆ. ಬರಲೇ ಇಲ್ಲ.

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಹಾಕಿಕೊಂಡು ದೇವರಾಜನನ್ನು ನೋಡಿದರು. ಒಲೆಯ ಮಸಿ ಹಿಡಿದ ನನ್ನ ಅಂಗೈಗಳನ್ನು ನೋಡಿದರು. ಆಮೇಲೆ ಜುಬ್ಬದ ಜೇಬಿಗೆ ಕೈಹಾಕಿ ನಶ್ಯದ ಡಬ್ಬಿ ತೆಗೆದರು.

"ಅಪ್ಪ?" ಅಂದೆ.

ಅಪ್ಪ ದೊಡ್ಡದೊಂದು ಚಿಟಿಕೆ ತೆಗೆದುಕೊಂಡು, ಎಲ್ಲರಿಗೂ ಕಾಣುವ ಹಾಗೆ, ಎರಡೂ ಹೊಳ್ಳೆಗೆ ಏರಿಸಿ, ಬ್ಯಾರನ್ನಿನ ತಗಡು ಅದುರುವಂತೆ ಸೀನಿದರು.

"ಜೋಡಿಯಾಯ್ತು" ಅಂದರು ಕಣ್ಣೀರು ಒರೆಸಿಕೊಳ್ಳುತ್ತ. "ಬಿಚ್ಚಿ ತಾಯಿ."